ಕುದಿಸಿದ ಪ್ರೋಟೀನು

ಬೂಷ್ಟಿನ ವಿಭಾಗವನ್ನು ಮುಚ್ಚುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಸೋಸಪ್ಪನ ಕೈಯಲ್ಲಿದ್ದ ಶೀಶೆ ಜಾರಿತು. ಅವನ ಕಾಲಿನ ಮೇಲೇ ಬಿದ್ದದ್ದರಿಂದ ಶೀಶೆ ಉಳಿಯಿತು.

ಬೆಳೆರೋಗಗಳ ಆ ಪ್ರಯೋಗಾಲಯದಲ್ಲಿ ಮೂಲಂಗಿ ಬೀಜ ಅರೆದು, ಸೋಸಿ, ಪ್ರೋಟೀನು ತೆಗೆಯುವುದು ಅವನ ಕೆಲಸ. ಸೋಸಪ್ಪ ಎಂಬ ಹೆಸರು ಅಂಟಿದ್ದೂ ಹಾಗೆಯೇ. ಬೂಷ್ಟು ಹಿಡಿಯದಂತೆ ಬೀಜ ತನ್ನೊಳಗೆ ಇಟ್ಟುಕೊಂಡ ಆ ಪ್ರೋಟೀನು ಟೊಮೇಟೊ ಗಿಡವನ್ನೂ ಕಾಪಾಡೀತೇ ಎಂದು ನೋಡಬೇಕಿತ್ತು. ಅದಕ್ಕೆ ಬೇಕಾದ ಬೂಷ್ಟನ್ನು ಗಾಜಿನ ಗೋಡೆಯಾಚೆ ಬೆಳೆಸುತ್ತಿದ್ದವಳು ಬೂಷ್ಟಮ್ಮ, ಬೇರೆ ಕಚೇರಿಯಿಂದ ಎರವಲು ಬಂದವಳು. ಬೂಷ್ಟಿನ ತಟ್ಟೆಗಳನ್ನು ಅವಳು ನಿದ್ದೆ ಹೋದ ಮಗುವಿನಂತೆ ಎತ್ತಿಡುವುದನ್ನು ಸೋಸಪ್ಪ ದಿನಾ ನೋಡುತ್ತಿದ್ದ. ಅವಳೊಡನೆ ಅವನು ಆಡಿದ ಮಾತು ಮಾತ್ರ "ತಟ್ಟೆ ಕೊಡ್ತೀರಾ?" ಎಂಬಷ್ಟೇ.

"ಇವತ್ತಿನ ಪರೀಕ್ಷೆ ಗೆದ್ರೆ ಬೂಷ್ಟಿನ ಕೆಲಸ ಮುಗೀತು, ಬೂಷ್ಟಮ್ಮ ವಾಪಸ್," ಎಂದ ಉಗ್ರಾಣದವನು. "ಸೋತ್ರೆ ಇನ್ನೂ ಒಂದಷ್ಟು ಕಾಲ ಇಲ್ಲೇ. ಪ್ರೋಟೀನು ಅಂದ್ರೇನಯ್ಯಾ? ಮೊಟ್ಟೆ ಇದ್ದ ಹಾಗೆ. ಕುದಿಸು, ಕೆಟ್ಟು ಕೂರುತ್ತೆ."

ಸೋಸಪ್ಪ ಓಡಿಹೋಗಿ ಚಹಾದಮ್ಮನ ಪಾತ್ರೆಯ ಕುದಿನೀರಿಗೆ ಶೀಶೆ ಇಳಿಬಿಟ್ಟ.

"ಏನಪ್ಪಾ ಅದು?"

"ಔಷಧಿ ಅಮ್ಮಾ. ಹೊಟ್ಟೆನೋವು."

"ಹೊಟ್ಟೆನೋವಿಗೆ ಎದೆ ಯಾಕೆ ಹಿಡ್ಕೊಂಡಿದ್ದೀಯ? ತಾಳು, ಶುಂಠಿ ಹಾಕ್ತೀನಿ."

ಶುಂಠಿಯಿಂದ ಶೀಶೆಯನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಅವನ ಬೆರಳು ಬೊಬ್ಬೆ ಎದ್ದಿತ್ತು.

"ಬಿಸಿ ಇದೆಯಲ್ಲ?" ಎಂದಳು ಬೂಷ್ಟಮ್ಮ, ಶೀಶೆ ಮುಟ್ಟಿ. ಅವಳಾಗಿ ಕೇಳಿದ ಮೊದಲ ಪ್ರಶ್ನೆ! ಸೋಸಪ್ಪ ತಡವರಿಸಿದ.

"ಹೊರಗೆ ಬಿಸಿಲು."

ಹೊರಗೆ ಧೋ ಎಂದು ಮಳೆ ಸುರಿಯುತ್ತಿತ್ತು. ಅವಳು ಕಿಟಕಿ ನೋಡಿದಳು, ಅವನನ್ನು ನೋಡಿದಳು, ಶೀಶೆ ತೆಗೆದುಕೊಂಡು ಒಳಗೆ ಹೋದಳು.

ಸಂಜೆ ಮುಖ್ಯಸ್ಥರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬರೀ ನೀರಿನ ತಟ್ಟೆಯಲ್ಲಿ ಬೂಷ್ಟಿನ ಕಣಗಳೆಲ್ಲ ಎಳೆ ಬಿಟ್ಟಿದ್ದವು. ಪ್ರೋಟೀನು ಹಾಕಿದ ತಟ್ಟೆಯಲ್ಲಿ ಒಂದೂ ಮೊಳೆತಿರಲಿಲ್ಲ.

"ಗೆದ್ವಿ!"

"ಸಾಧ್ಯನೇ ಇಲ್ಲ ಸರ್!" ಸೋಸಪ್ಪ ಕಿರುಚಿಯೇಬಿಟ್ಟ. "ಬೆಳಗ್ಗೆ ನಾನೇ ಕೈಯಾರೆ ಕುದಿಸಿದೀನಿ!"

ಕೆಲಸ ಹೋಯಿತು ಎಂದು ಅವನು ಕಣ್ಣು ಮುಚ್ಚಿಕೊಂಡ. ಮುಖ್ಯಸ್ಥರು ಬಂದು ಅವನನ್ನು ಬಾಚಿ ತಬ್ಬಿಕೊಂಡರು.

"ಕುದಿಸಿದ್ರೂ ಕೆಡ್ಲಿಲ್ವಾ? ಭಲೆ! ಹಾಗಾದ್ರೆ ಸುಡುಬಿಸಿಲಲ್ಲೂ ಕೆಲಸ ಮಾಡುತ್ತೆ. ಇನ್ನೂ ಎಷ್ಟೋ ಬೂಷ್ಟುಗಳ ಮೇಲೆ ನೋಡ್ಬೇಕು, ಬೂಷ್ಟಿನ ವಿಭಾಗ ಮುಚ್ಚೋ ಮಾತೇ ಇಲ್ಲ. ಮೇಡಂ, ನೀವು ಇನ್ನು ಇಲ್ಲೇ ಖಾಯಂ."

ಸೋಸಪ್ಪನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

"ಮತ್ತೆ ನೀನು," ಅವರು ಅವನ ಬೆನ್ನು ತಟ್ಟಿದರು, "ನಾಳೆನೇ ಹೊರಡು. ಮರುಭೂಮಿ ಅಂಚಿನಲ್ಲಿ ನಮ್ಮ ತೋಟ ಇದೆಯಲ್ಲ, ಪರೀಕ್ಷೆ ಮುಗಿಯೋವರೆಗೂ ಅಲ್ಲೇ ಇರು. ನಿನ್ನಷ್ಟು ಮುಂದಾಲೋಚನೆ ಇರೋರು ಬೇರೆ ಯಾರಿದ್ದಾರೆ?"

ಎಲ್ಲರೂ ಹೋದರು. ಬೂಷ್ಟಮ್ಮ ಮಾತ್ರ ತಟ್ಟೆ ಹಿಡಿದು ನಿಂತಿದ್ದಳು.

"ನಿಜ ಹೇಳಿ. ಯಾಕೆ ಕುದಿಸಿದ್ರಿ?"

ಮಾತು ಸೋಸಪ್ಪನ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಗೆಳೆಯನನ್ನು ಕಾಪಾಡುವ ಉತ್ಸಾಹದಲ್ಲಿ ಉಗ್ರಾಣದವನು ಬಾಗಿಲಲ್ಲಿ ತಲೆ ತೂರಿಸಿದ.

"ವಿಜ್ಞಾನಕ್ಕೋಸ್ಕರ ಮೇಡಂ! ಅದು ಬಿಟ್ರೆ ಅವನಿಗೆ ಬೇರೇನೂ ಬೇಡ."

"ಹೌದಾ," ಎಂದಳು ಅವಳು, ಮತ್ತು ತಟ್ಟೆಯ ಮೇಲೆ ನಿಧಾನವಾಗಿ ಮುಚ್ಚಳ ಇಟ್ಟಳು.