ಡ್ರೈವರ್ ಯಜಮಾನ್ರಿಗೆ ಹಾಕಿದ ರ‍್ಯಾಮ್

ನೆಗಡಿ ಬಂದ್ರೆ ಶುಂಠಿ ಕಷಾಯ, ಕಂಪ್ಯೂಟರ್ ನಿಧಾನ ಆದ್ರೆ ರ‍್ಯಾಮ್. ಇದು ನಮ್ಮ ಕಡೆ ಜನ ಕಂಡ್ಕೊಂಡಿರೋ ಮದ್ದು. ಚಂದ್ರಾ ಲೇಔಟ್‌ನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಕೊಂಡಿರೋ ನನಗೆ ವಾರಕ್ಕೊಂದಾದ್ರೂ ಇಂಥ ಪ್ರಸಂಗ ತಪ್ಪಿದ್ದಲ್ಲ. ರ‍್ಯಾಮ್ ಅಂದ್ರೆ ಅಡುಗೆಮನೆ ಕಟ್ಟೆ ಇದ್ದಂಗೆ ಅಂತ ಎಲ್ರಿಗೂ ಹೇಳ್ತೀನಿ. ಕಟ್ಟೆ ಚಿಕ್ಕದಾಗಿದ್ರೆ ದೊಡ್ಡದು ಮಾಡಿಸಿ, ಕೆಲಸ ಸಲೀಸಾಗುತ್ತೆ. ಒಲೆನೇ ಉರೀತಿಲ್ಲ ಅಂದ್ರೆ ಕಟ್ಟೆ ಎಷ್ಟುದ್ದ ಇದ್ರೇನು? ಯಾರೂ ಕೇಳಲ್ಲ.

ಬೀರು

ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಸೂಪರ್‌ವೈಸರ್ ಒಬ್ಬ ಬಂದ. "ಅಣ್ಣ, ಆನ್‌ಲೈನ್ ಗೇಮಲ್ಲಿ ನಾನು ಗುಂಡು ಹೊಡಿಯೋಷ್ಟರಲ್ಲಿ ಸತ್ತೋಗಿರ್ತೀನಿ. ರ‍್ಯಾಮ್ ಜಾಸ್ತಿ ಮಾಡಿ."

ನೋಡಿದ್ರೆ ಬೇಕಾದಷ್ಟು ರ‍್ಯಾಮ್ ಇತ್ತು. ಇಂಟರ್ನೆಟ್ ತೊಂದರೆ ಇರ್ಬೇಕು ಅಂತ ಅವನ ಮನೆಗೆ ಹೋದೆ. ವೈಫೈ ಡಬ್ಬಿ ಎಲ್ಲೂ ಕಾಣ್ಲಿಲ್ಲ. ವೈರ್ ಹಿಡ್ಕೊಂಡು ಹೋದ್ರೆ ಅದು ಸ್ಟೀಲ್ ಬೀರು ಒಳಗೆ ಹೋಗಿತ್ತು. ಅವರಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದಕೈ ತೆಗೆದು ಬಾಗಿಲು ತೆಗೆದ್ರು. ರೇಷ್ಮೆ ಸೀರೆಗಳ ಮಧ್ಯೆ ಡಬ್ಬಿ ಮಿಣಮಿಣ ಅಂತಿತ್ತು. ಸ್ಟೀಲ್ ದಾಟಿ ಸಿಗ್ನಲ್ ಆಚೆ ಬರೋದಾದ್ರೂ ಹೆಂಗೆ?

"ಇದನ್ನ ಯಾಕಮ್ಮ ಇಲ್ಲಿಟ್ಟಿದೀರಿ?"

"ಕಂಪನಿಯೋರ ವಸ್ತು ಕಣಪ್ಪ. ನಾಳೆ ಬಂದು ಕೇಳಿದ್ರೆ ಹಂಗಂಗೇ ವಾಪಸ್ ಕೊಡ್ಬೇಕಲ್ವಾ?"

ಪೂಜೆ

ನಮ್ಮ ಹಿಂದಿನ ಬೀದೀಲಿ ಸಿಟಿ ಬಸ್ ಓಡಿಸಿ ರಿಟೈರ್ ಆದ ಯಜಮಾನ್ರೊಬ್ರಿದಾರೆ. ಮಾಗಡಿ ರೋಡಲ್ಲಿ ಮೂವತ್ತು ವರ್ಷ ಬಸ್ ಓಡಿಸಿದ್ರೂ ಒಂದು ಗೀರು ಬೀಳಿಸಿದೋರಲ್ಲ. ಅದೇ ಅವರ ಆಸ್ತಿ. ಮಗಳು ಬಸ್ ಓಡಿಸೋ ಗೇಮು, ಟೇಬಲ್‌ಗೆ ಸಿಕ್ಕಿಸೋ ಸ್ಟಿಯರಿಂಗು ತಂದ್ಕೊಟ್ಟಿದ್ಲು.

"ಸಾರ್, ಬ್ರೇಕ್ ಒತ್ತಿದ್ರೆ ಬಸ್ಸು ಯೋಚನೆ ಮಾಡಿ ನಿಲ್ಲುತ್ತೆ. ಅಷ್ಟರಲ್ಲಿ ಡಿವೈಡರ್‌ಗೆ ಗುದ್ದಿರ್ತೀನಿ. ಪಕ್ಕದಲ್ಲಿ ಕೂತ್ಕೊಂಡು ನಮ್ಮನೆಯೋಳು, ಮೂವತ್ತು ವರ್ಷಾನೂ ಹಿಂಗೇ ಓಡಿಸಿದ್ದಾ ಅಂತಾಳೆ. ಮಾನ ಹೋಗ್ತಾ ಇದೆ."

ಅವರ ಕಂಪ್ಯೂಟರಲ್ಲಿ ನಿಜವಾಗ್ಲೂ ರ‍್ಯಾಮ್ ಕಮ್ಮಿ ಇತ್ತು. ಇನ್ನೊಂದು ಹಾಕಿದೆ. ಆ ತಡ ಆಗೋದು, ಅಂದ್ರೆ ಲ್ಯಾಗ್, ಹೋಯ್ತು. ನಾನೇ ಓಡಿಸಿ ನೋಡ್ದೆ, ಬಸ್ಸು ಬೆಣ್ಣೆ ಥರ ಓಡ್ತು. ಯಜಮಾನ್ರ ಮುಖ ನೋಡಿ ನನಗೂ ಖುಷಿಯಾಯ್ತು. ವಾರಕ್ಕೇ ಫೋನು, ಮತ್ತೆ ಲ್ಯಾಗ್ ಅಂತ.

ಹೋಗಿ ನೋಡ್ತೀನಿ, ಕಂಪ್ಯೂಟರ್ ಡಬ್ಬಕ್ಕೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಗಾಳಿ ಹೋಗೋ ಜಾಗಕ್ಕೇ ಅಡ್ಡಲಾಗಿ ದಪ್ಪ ಚೆಂಡು ಹೂವಿನ ಹಾರ. ಹೊಸ ಪಾರ್ಟ್ ಹಾಕಿದ ಮೇಲೆ ಪೂಜೆ ಮಾಡದೆ ಗಾಡಿ ಓಡಿಸೋದುಂಟಾ ಅಂದ್ರು. ಫ್ಯಾನಿಂದ ಅರ್ಧ ತಟ್ಟೆ ಹೂವಿನ ಎಸಳು ತೆಗೆದೆ. ಗಾಳಿ ಆಡದೆ ಬಿಸಿಯಾಗಿ ಮಿಷಿನ್ ನಿಧಾನ ಆಗಿತ್ತು.

"ಎಂಜಿನ್‌ಗೆ ಹಾರ ಹಾಕ್ತಾರಾ ಯಜಮಾನ್ರೇ?"

"ಹಾಕ್ಬಾರ್ದು ಅಂತ ಗೊತ್ತು ಸಾರ್. ಎಂಜಿನ್ ಯಾವ ಕಡೆ ಇದೆ ಅಂತ ನೀವು ಹೇಳ್ಲಿಲ್ಲ."

ಟ್ರಯಲ್

ಎಲ್ಲಾ ಕ್ಲೀನ್ ಮಾಡಿ, ಈಗ ನನ್ನೆದುರಿಗೇ ಓಡಿಸಿ ಅಂದೆ. ಮನೆಯೋರು ಕಾಫಿ ತಂದ್ಕೊಟ್ಟು ಪಕ್ಕದಲ್ಲೇ ಕುರ್ಚಿ ಎಳ್ಕೊಂಡ್ರು. ಬ್ರೇಕ್ ಒತ್ತಿದ್ರೆ ಬಸ್ಸು ಅಲ್ಲೇ ನಿಲ್ತಿತ್ತು. ಒಂದು ಚೂರೂ ಲ್ಯಾಗ್ ಇಲ್ಲ. ಯಜಮಾನ್ರು ಗತ್ತಲ್ಲಿ ಹೊರಟು, ಮೊದಲನೇ ತಿರುವಲ್ಲೇ ಡಿವೈಡರ್‌ಗೆ ಗುದ್ದಿದ್ರು. ಎರಡನೇ ಸಲ ಒಂದು ಆಟೋಗೆ. ಮೂರನೇ ಸಲ ಬಸ್‌ಸ್ಟಾಪಿನ ಒಳಗೇ ನುಗ್ಗಿಸಿದ್ರು.

ಮನೆಯೋರು ನನ್ನ ಕಡೆ ತಿರುಗಿದ್ರು. "ಮಿಷಿನ್ ಸರಿಯಾಗಿದೆಯೇನಪ್ಪಾ?"

ಕಸುಬಿನ ವಿಷ್ಯದಲ್ಲಿ ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ. "ಸರಿಯಾಗಿದೆಯಮ್ಮ" ಅಂದೆ. ಅವರು ಲೋಟ ತಗೊಂಡು, ಸೆರಗು ಬಾಯಿಗೆ ಇಟ್ಕೊಂಡು ಒಳಗೆ ಹೋದ್ರು. ಯಜಮಾನ್ರು ಗೇಟಿನವರೆಗೂ ನನ್ನ ಹಿಂದೇನೇ ಬಂದ್ರು. ಮೆಲ್ಲಗೆ ಅಂದ್ರು:

"ಸಾರ್, ಆ ರ‍್ಯಾಮ್ ತೆಗೆದ್ಬಿಡಿ."

"ಯಾಕೆ ಯಜಮಾನ್ರೇ?"

"ಲ್ಯಾಗ್ ಇದ್ದಾಗ ಮನೇಲಿ ಸ್ವಲ್ಪ ಮರ್ಯಾದೆ ಇತ್ತು."