ಹೊಸ ಕಂಪ್ಯೂಟರ್ ಒಲ್ಲದ ನಮ್ಮತ್ತೆ

ದಾವಣಗೆರೆಯಲ್ಲಿ ಕಂಪ್ಯೂಟರ್ ಮಾರುವವರೆಲ್ಲ ಹೆದರುತ್ತಿದ್ದದ್ದು ಒಬ್ಬರಿಗೇ, ನಮ್ಮ ಸೋದರತ್ತೆಗೆ! ಮಂಡಿಪೇಟೆಯಲ್ಲಿ ಅವರದೊಂದು ಟೈಪಿಂಗ್ ಅಂಗಡಿ. ಅದರಲ್ಲೊಂದು ಕಂಪ್ಯೂಟರ್. ಕಪ್ಪು ಪರದೆ, ದಪ್ಪ ಹಸಿರು ಅಕ್ಷರ. ಊರೆಲ್ಲ ಬಣ್ಣದ ಪರದೆಗೆ ಹೋದರೂ ಅತ್ತೆ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಇದರಾಗೆ ಹಾಡು ಕೇಳಬೋದು, ಸಿನಿಮಾ ನೋಡಬೋದು ಮೇಡಂ" ಅಂತ ಒಬ್ಬ ಮಾರಾಟಗಾರ ಬಂದ.

"ನಾನು ಟೈಪ್ ಮಾಡಕ್ಕೆ ಕುಂತಿದೀನೋ, ಟಾಕೀಸ್ ನಡೆಸಕ್ಕೆ ಕುಂತಿದೀನೋ?"

ಪಾಪ, ಅವನು ನೀರೂ ಕುಡಿಯದೆ ಹೋದ.

"ಎರಡು ಸಾವಿರನೇ ಇಸವಿ ಬಂದ್ರೆ ಹಳೇವೆಲ್ಲ ತಲೆ ತಿರುಗಿ ಬೀಳ್ತಾವಂತೆ ಅತ್ತೆ" ಎಂದು ನಾನೂ ಹೆದರಿಸಿದೆ.

"ಬೀಳಲಿ ಬಿಡು, ಎಬ್ಬಿಸೋಣ."

ಒಮ್ಮೆ ಅದು ನಿಜವಾಗಿಯೂ ಕೆಟ್ಟಿತು. ಊರಲ್ಲಿ ಯಾರೂ ಮುಟ್ಟಲೊಲ್ಲರು. ಹರಿಹರದಲ್ಲಿ ರೇಡಿಯೋ ರಿಪೇರಿ ಮಾಡುವ ಸಾಹೇಬರೊಬ್ಬರಿದ್ದರು. ಅತ್ತೆ ಪರದೆಯ ಡಬ್ಬವನ್ನು ತೊಡೆ ಮೇಲಿಟ್ಟುಕೊಂಡರು, ಉಳಿದದ್ದನ್ನು ನನ್ನ ತೊಡೆ ಮೇಲೆ ಹೇರಿದರು, ಬಸ್ಸು ಹೊರಟಿತು. "ಇದಕ್ಕೆ ಹುಷಾರಿಲ್ಲ, ಬ್ರೇಕ್ ಮೆಲ್ಲಗೆ ಹಾಕಕ್ಕೆ ಹೇಳ್ರಿ" ಎಂದು ಕಂಡಕ್ಟರಿಗೇ ಅಪ್ಪಣೆ!

ಸಾಹೇಬರು ಡಬ್ಬ ಬಿಚ್ಚಿ ಬೆಚ್ಚಿದರು. "ಅಮ್ಮಾ, ಒಳಗೆ ಜಿರಲೆ ಸಂಸಾರನೇ ಐತಲ್ರೀ!"

"ನೋಡ್ರಿ, ಅವೂ ಹೊಸದಕ್ಕೆ ಹೋಗಿಲ್ಲ!"

ಮೂರು ಗಂಟೆ ಕೂತು ರಿಪೇರಿ ಮಾಡಿಸಿಕೊಂಡೇ ಬಂದರು.

ನನಗೂ ಹಠ ಬಂತು. ಎರಡು ದಿನ ನೋಡಿ ಹೇಳುತ್ತೇವೆಂದು ಅಂಗಡಿಯೊಂದರಿಂದ ಹೊಸ ಕಂಪ್ಯೂಟರ್ ತಂದಿಟ್ಟೇ ಬಿಟ್ಟೆ. ಅತ್ತೆ ಗೊಣಗುತ್ತಲೇ ಕೂತರು. ಅಷ್ಟರಲ್ಲಿ ಗುತ್ತೂರಿನ ಹೆಂಗಸೊಬ್ಬಳು ಬಂದಳು. ಫ್ಯಾಕ್ಟರಿ ಕೆಲಸಕ್ಕೆ ಅರ್ಜಿ, ಅಂದೇ ಕೊನೆಯ ದಿನ. ಅತ್ತೆ ಎಂದಿನಂತೆ ಪಟಪಟನೆ ಟೈಪ್ ಮಾಡಿ ಕಾಗದ ಕೊಟ್ಟರು.

ಅವಳು ಓದಿ ಮೆಲ್ಲಗೆ ಅಂದಳು, "ಅಮ್ಮಾರೇ, ಇದು ನನ್ನ ಹೆಸರಲ್ಲರೀ."

ಇಣುಕಿ ನೋಡಿದೆ. ಸಾಲಿಗೆರಡು ತಪ್ಪು. ಇಪ್ಪತ್ತು ವರ್ಷದಲ್ಲಿ ಅತ್ತೆಯ ಕೈಯಿಂದ ಒಂದು ಕೊಂಬು ಜಾರಿದ್ದು ನಾನು ಕಂಡಿರಲಿಲ್ಲ! ಅವರು ಕಾಗದ ಹರಿದು, ಹಳೆಯದರ ಮುಂದೆ ಕೂತು, ಮತ್ತೆ ಟೈಪ್ ಮಾಡಿ ಅವಳನ್ನು ಕಳಿಸಿದರು.

"ಏನಾಯ್ತತ್ತೆ?"

ಅತ್ತೆ ಹೊಸದರ ಕಡೆ ಕೈ ತೋರಿಸಿದರು. "ಆ ಬಿಳೀ ಪರದೆ ಮ್ಯಾಲೆ ನಂಗೇನೂ ಕಾಣಲ್ಲ ಕಣೋ. ಕಣ್ಣು ಮಂಜಾಗಿ ಎರಡು ವರ್ಷ ಆತು. ಈ ಹಳೇದರಾಗೆ ಮಾತ್ರ ಅಷ್ಟೋ ಇಷ್ಟೋ ಕಾಣ್ತೈತೆ. ಕಣ್ಣಿಲ್ಲದೋಳು ಅಂದ್ರೆ ಯಾರು ಬರ್ತಾರೆ ನನ್ನತ್ರ? ಯಾರಿಗೂ ಹೇಳಬ್ಯಾಡ."

ನಾನು ಹೇಳಲಿಲ್ಲ. ಹೊಸದನ್ನು ಹೊತ್ತು ವಾಪಸು ಕೊಟ್ಟೆ. "ಏನು ತೊಂದ್ರೆ ಐತ್ರಿ ಇದರಾಗೆ?" ಎಂದು ಅಂಗಡಿಯವನು ಕೇಳಿದ. "ಹಳೇದೇ ಚೆನ್ನಾಗೈತೆ" ಅಂದೆ.

ಮರುದಿನ ಕಣ್ಣಿನ ಡಾಕ್ಟರ ಹತ್ತಿರ ಹೊರಟೆವು. ರಸ್ತೆ ದಾಟುವಾಗ, ಯಾರ ಮಾತಿಗೂ ಬಗ್ಗದ ನಮ್ಮತ್ತೆ ತಾವಾಗಿಯೇ ನನ್ನ ಕೈ ಹಿಡಿದುಕೊಂಡರು.