ಮಾಸ್ಕೋದಲ್ಲಿ ಕಣ್ಣು ತೆರೆಸಿಕೊಂಡು ಬಂದ ಮಹಾರಾಜ

ನಮ್ಮ ಸೋದರಮಾವ ಕಣ್ಣು ಕಾಣದೆ ಕೆಟ್ಟವನಲ್ಲ, ಕಣ್ಣು ಕಂಡು ಕೆಟ್ಟವನು! ನಂಬದಿದ್ದರೆ ಗುಬ್ಬಿಯಲ್ಲಿ ಯಾರನ್ನಾದರೂ ಕೇಳಿ.

ಹಗಲೆಲ್ಲ ಕೊಬ್ಬರಿ ವ್ಯಾಪಾರ, ಸಂಜೆಯಾದರೆ ಮಹಾರಾಜ! ಸುತ್ತಮುತ್ತ ಎಲ್ಲೇ ಪೌರಾಣಿಕ ನಾಟಕವಾಗಲಿ, ಗದೆ ಹಿಡಿದು ಗರ್ಜಿಸಿ ಕೊನೆಗೆ ಸಾಯುವ ರಾಜನ ಪಾರ್ಟು ಅವನದೇ. ಮೈಕಟ್ಟು ಸರಿ, ಕಂಠ ಸರಿ, ಕಣ್ಣಿಗೆ ಮಾತ್ರ ಸೋಡಾಬುಡ್ಡಿ ಕನ್ನಡಕ. ಕಿರೀಟದ ಕೆಳಗೆ ಕನ್ನಡಕ ಹಾಕಿದ ರಾಜನನ್ನು ನೀವೇನಾದರೂ ನೋಡಿದ್ದೀರಾ? ಅದಕ್ಕೇ ತೆಗೆದಿಟ್ಟು ಸ್ಟೇಜಿಗೆ ಬರುತ್ತಿದ್ದ. ಆಮೇಲೆ ದೇವರೇ ಗತಿ! ಕಡಬದಲ್ಲಿ ರಾಣಿಯೆಂದುಕೊಂಡು ಚಪ್ಪರದ ಕಂಬವನ್ನು ತಬ್ಬಿ ಹಾಡಿದ. ಹಾಗಲವಾಡಿಯಲ್ಲಿ ಶತ್ರುವಿಗೆಂದು ಬೀಸಿದ ಗದೆ ಹಾರ್ಮೋನಿಯಂ ಮೇಲೆ ಬಿತ್ತು.

"ಯುದ್ಧ ನನ್ ಮೇಲಲ್ಲ ಕಣಯ್ಯಾ!" ಎಂದು ಹಾರ್ಮೋನಿಯಂ ಮೇಷ್ಟ್ರು ಬಾಯಿ ಬಡಿದುಕೊಂಡರು.

ಇಷ್ಟಾದರೂ ಸ್ಟೇಜಿನಿಂದ ಕೆಳಗೆ ಬೀಳದೆ ಉಳಿದದ್ದು ಅತ್ತೆಯ ಪುಣ್ಯ. ಮುಂದಿನ ಸಾಲಿನಲ್ಲಿ ಕೂತು, ಗಂಡ ಅಂಚಿಗೆ ಬಂದಾಗಲೆಲ್ಲ ಬಳೆ ಝಣಝಣ ಆಡಿಸುತ್ತಿದ್ದಳು. ಮಹಾರಾಜ ತಟ್ಟನೆ ಹಿಂದಕ್ಕೆ ಸರಿಯುತ್ತಿದ್ದ.

ಎಂಬತ್ತರ ದಶಕದಲ್ಲಿ, ರಷ್ಯಾದಲ್ಲಿ ಕಣ್ಣಿಗೆ ಆಪರೇಷನ್ ಮಾಡಿ ಕನ್ನಡಕವನ್ನೇ ಬಿಡಿಸುತ್ತಾರೆಂಬ ಸುದ್ದಿ ಪೇಪರಿನಲ್ಲಿ ಬಂತು. ತುಮಕೂರಿನ ಕಣ್ಣಿನ ಡಾಕ್ಟರು ಬೇಡವೆಂದರು. ಮಾವ ಕೇಳಬೇಕಲ್ಲ!

"ಜನ ನನ್ ಪಾರ್ಟ್ ನೋಡೋದನ್ನ ಒಂದ್ಸಲನಾದ್ರೂ ನಾನ್ ನೋಡ್ಬೇಕು ಕಣೇ" ಎಂದ.

"ಇರೋ ಕಣ್ಣೂ ಹೋದ್ರೆ ಏನ್ರೀ ಗತಿ?" ಎಂದು ಅತ್ತೆ ಕಣ್ಣೀರು ಹಾಕಿದಳು.

"ಹೋದ್ರೆ ನಿನ್ ಬಳೆ ಇದಾವಲ್ಲ, ಬುಡು!"

ಹೊರಟೇಬಿಟ್ಟ. ಜೊತೆಗೆ ಚಟ್ನಿಪುಡಿ, ಒಂದು ತೆಂಗಿನಕಾಯಿ. ಆ ಹಿಮದಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಈಡುಗಾಯಿ ಒಡೆದನಂತೆ! ಸದ್ದಿಗೆ ಪೊಲೀಸರು ಓಡಿ ಬಂದರೆ ಅವರ ಕೈಗೂ ಒಂದೊಂದು ಹೋಳು ಕೊಟ್ಟನಂತೆ.

"ಭಕ್ತಿಯಿಂದ್ಲೇ ತಿಂದ್ರು ಕಣ್ಲಾ!" ಎಂದು ಬಂದಮೇಲೆ ನನಗೆ ವರದಿ ಒಪ್ಪಿಸಿದ. "ಆಪರೇಷನ್ನಾ? ಮಂಚದ ಮೇಲೆ ಮಲಗಿಸಿ ಡಾಕ್ಟ್ರಿಂದ ಡಾಕ್ಟ್ರಿಗೆ ಸಾಗಿಸ್ತಾರೆ. ನಮ್ ಗಿರಣಿ ಇದ್ದಂಗೆ! ಈ ಕಡೆ ಕುರುಡನ್ನ ಹಾಕಿದ್ರೆ ಆ ಕಡೆ ಕಣ್ಣಿರೋನು ಬೀಳ್ತಾನೆ!"

ಕನ್ನಡಕ ನಿಜವಾಗಿಯೂ ಹೋಗಿತ್ತು. ಮನೆಯ ಜೇಡರಬಲೆಗಳನ್ನೆಲ್ಲ ಬೆರಳು ಮಾಡಿ ತೋರಿಸುತ್ತ ಅತ್ತೆಯ ತಲೆ ತಿಂದ.

ಆಮೇಲೆ ಬಂತು ಕುಣಿಗಲ್ಲಿನ ನಾಟಕ. ಮಾವ ಮೀಸೆ ತಿರುವುತ್ತ ಬಂದು ಜನರನ್ನು ನೋಡಿದ. ಅಯ್ಯಯ್ಯೋ! ಅಷ್ಟೊಂದು ಮುಖ, ಎಲ್ಲವೂ ಅವನನ್ನೇ ನೋಡುತ್ತಿವೆ! ಒಬ್ಬ ಕಡಲೆಕಾಯಿ ಸುಲಿಯುತ್ತಿದ್ದಾನೆ, ಇನ್ನೊಬ್ಬ ಆಗಲೇ ಆಕಳಿಸುತ್ತಿದ್ದಾನೆ. "ಎಲೈ..." ಎಂದ ಮಹಾರಾಜ ಅಲ್ಲಿಗೇ ನಿಂತ. ಮೇಷ್ಟ್ರು ಅದೇ ಶ್ರುತಿಯನ್ನು ಮತ್ತೆ ಮತ್ತೆ ಒತ್ತಿದರು.

"ಏನ್ಲಾ, ರಷ್ಯಾದಲ್ಲಿ ನಾಲಗೇನೂ ಕೊಯ್ದವ್ರಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

ಆಗ ಬಳೆ ಝಣಝಣ ಎಂದಿತು. ಮಾವ ಅಂಚಿನ ಹತ್ತಿರವೇನೂ ಇರಲಿಲ್ಲ. ಆದರೂ ಆ ಸದ್ದು ಕೇಳಿದ್ದೇ ತಡ, ಮಾಸ್ಕೋವರೆಗೆ ಹೋಗಿ ತೆರೆಸಿಕೊಂಡು ಬಂದ ಕಣ್ಣುಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡ. ಮಾತು ಹೊಳೆಯ ಹಾಗೆ ಹರಿಯಿತು! ಕಣ್ಣು ಮುಚ್ಚಿಯೇ ಗರ್ಜಿಸಿದ, ಹೊಡೆದಾಡಿದ, ಕೊನೆಗೆ ದೊಪ್ಪನೆ ಬಿದ್ದು ಸತ್ತ.

ಇನ್ನೇನು ಪರದೆ ಎಳೆಯಬೇಕು, ಸತ್ತ ರಾಜ ಮೆಲ್ಲನೆ ಒಂದು ಕಣ್ಣು ತೆರೆದ. ಮುಂದಿನ ಸಾಲಿನಲ್ಲಿ ಅತ್ತೆ ಸೆರಗು ಬಾಯಿಗೊತ್ತಿಕೊಂಡು ಬಿಕ್ಕುತ್ತಿದ್ದಳು. ಮಾವ ಎದ್ದು ಕೂತೇಬಿಟ್ಟ!

"ಯಾಕೇ ಅಳ್ತಿದೀಯಾ? ನಾನ್ ಇಲ್ಲೇ ಇದೀನಲ್ಲೇ!"

"ನೀವ್ ಸತ್ತಾಗೆಲ್ಲಾ ಅಳ್ತೀನಿ ಕಣ್ರೀ. ನಿಮ್ಗೆ ಕಂಡಿದ್ದು ಇವತ್ತು, ಅಷ್ಟೇ."

ಜನ ಗೊಳ್ಳೆಂದು ನಕ್ಕರು. ನನಗೆ ನಗಲಾಗಲಿಲ್ಲ. ಮಹಾರಾಜ ಕಿರೀಟ ತೆಗೆದು ಪಕ್ಕಕ್ಕಿಟ್ಟು, ಅವಳನ್ನೇ ನೋಡುತ್ತ ಸ್ಟೇಜಿನ ಅಂಚಿನವರೆಗೂ ನಡೆದು ಬಂದ. ಅತ್ತೆ ಬಳೆ ಆಡಿಸಲಿಲ್ಲ.